28ನೇ ಕಾಲಂ ಮೊದಲು ನೋಡಿ: ಎಲ್‌ಜಿಬಿಟಿ ಮಾಜಿ ಸೈನಿಕರ ಕಾಗದ ಸರಿಮಾಡಿಸುವ ಬಗೆ

ಅಮೆರಿಕದ ಸೇನೆ ಬಿಟ್ಟು ಬಂದವರ ಹತ್ತಿರ ಡಿಡಿ-214 ಅಂತ ಒಂದು ಕಾಗದ ಇರುತ್ತದೆ. ಕೆಲಸಕ್ಕೆ, ಮನೆ ಸಾಲಕ್ಕೆ, ಆಸ್ಪತ್ರೆಗೆ, ಕೊನೆಗೆ ಸೈನಿಕರ ಸ್ಮಶಾನದಲ್ಲಿ ಜಾಗಕ್ಕೂ ಅದನ್ನೇ ಕೇಳುತ್ತಾರೆ. ಅದರ 28ನೇ ಕಾಲಂನಲ್ಲಿ ಸೇವೆ ಮುಗಿದ ಕಾರಣ ಬರೆದಿರುತ್ತದೆ. ಸಾವಿರಾರು ಜನರ ಕಾಗದದಲ್ಲಿ ಅಲ್ಲಿ ‘ಹೋಮೋಸೆಕ್ಷುಯಲ್ ಕಾಂಡಕ್ಟ್’, ಅಂದರೆ ಸಲಿಂಗಿ ನಡತೆ, ಎಂದಿದೆ. ಕೆಲಸ ಕೇಳಲು ಹೋದವರು ತಮ್ಮ ಖಾಸಗಿ ಬದುಕನ್ನೂ ಮ್ಯಾನೇಜರ್ ಮುಂದೆ ಇಟ್ಟಂತೆ ಆಗುತ್ತದೆ. ಹಾಗಾಗಿ ಎಷ್ಟೋ ಜನ ಅದನ್ನು ಯಾರಿಗೂ ತೋರಿಸಲೇ ಇಲ್ಲ. ತಮಗೆ ಸಲ್ಲಬೇಕಾದ ಸೌಲಭ್ಯವನ್ನೂ ಕೇಳಲಿಲ್ಲ.

ನಾನಿರುವುದು ಸ್ಯಾನ್ ಡಿಯೇಗೊದಲ್ಲಿ. ಇದು ನೌಕಾಪಡೆಯ ಊರು. ಕಚೇರಿಯಲ್ಲಿ ಫಾರ್ಮುಗಳನ್ನು ನೋಡುತ್ತಲೇ ನಿವೃತ್ತಳಾದವಳು ನಾನು. ಈಗ ಶನಿವಾರ ಬೆಳಿಗ್ಗೆ ಇಂಥ ಮಾಜಿ ಸೈನಿಕರ ಜೊತೆ ಕೂತು ಅರ್ಜಿ ತುಂಬಿಸುತ್ತೇನೆ. ಇಲ್ಲಿರುವ ಕನ್ನಡದವರು ವೀಸಾ, ಗ್ರೀನ್ ಕಾರ್ಡ್ ಅಂತ ಅರ್ಜಿ ತುಂಬಿ ತುಂಬಿ ಪಳಗಿದವರು. ನಿಮ್ಮ ಆ ಅನುಭವ ಈ ಕೆಲಸಕ್ಕೂ ಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜೊತೆಗೂಡಿ, ಕಾಗದ ಆಮೇಲೆ. ವಕೀಲರು ಅನೇಕರು ಇದನ್ನು ತಿರುಗುಮುರುಗು ಮಾಡುತ್ತಾರೆ. ಫಾರ್ಮು ತುಂಬಲು ಒಂದು ಬೆಳಿಗ್ಗೆ ಸಾಕು. ಆದರೆ ಆ ಕಾಗದವನ್ನು ಕಪಾಟಿನಿಂದ ಹೊರಗೆ ತೆಗೆಯಲು ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ವಾರವಾರವೂ ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಸೇರಿ. ಲೈಬ್ರರಿಯ ಕೋಣೆ ಒಳ್ಳೆಯದು. ಬಾರ್ ಬೇಡ, ಕುಡಿತ ಬಿಟ್ಟವರು ಬರುವುದಿಲ್ಲ. ಫೋಟೊ ತೆಗೆಯಬೇಡಿ. ಹೆಸರು ಬರೆಸಲೇಬೇಕು ಅನ್ನಬೇಡಿ. ‘ಸೇನೆ ಯಾಕೆ ಬಿಟ್ಟಿರಿ?’ ಅಂತ ಮಾತ್ರ ಯಾವತ್ತೂ ಶುರು ಮಾಡಬೇಡಿ. ಯಾವ ಹಡಗು, ಏನು ಕೆಲಸ, ಎಲ್ಲೆಲ್ಲಿ ಇದ್ದಿರಿ ಅಂತ ಕೇಳಿ. ತಮ್ಮ ಕೆಲಸದ ಬಗ್ಗೆ ಅವರಿಗೆ ಹೆಮ್ಮೆ ಇದೆ. ಅದನ್ನು ಕೇಳಿದವರು ಕಡಿಮೆ.

ಕಾಗದದ ಹಿಂದಿನ ಕಥೆಯೂ ನಿಮಗೆ ಗೊತ್ತಿರಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಲಿಂಗಿಗಳನ್ನು ನೀಲಿ ಕಾಗದ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ನೇರ ನಿಷೇಧ ಬಂತು. ಅದಾದ ಮೇಲೆ ‘ಡೋಂಟ್ ಆಸ್ಕ್, ಡೋಂಟ್ ಟೆಲ್’, ಅಂದರೆ ಸಲಿಂಗಿ ಅಂತ ಹೇಳಿಕೊಳ್ಳದಿದ್ದರೆ ಮಾತ್ರ ಸೇನೆಯಲ್ಲಿ ಇರಬಹುದು ಅನ್ನುವ ನಿಯಮ. ಅದೊಂದರ ಅಡಿಯಲ್ಲೇ 13,000ಕ್ಕೂ ಹೆಚ್ಚು ಜನ ಹೊರಬಿದ್ದರು. ಅದು 2011ರ ಸೆಪ್ಟೆಂಬರ್ 20ರಂದು ಕೊನೆಯಾಯಿತು. ನಿಮ್ಮ ಎದುರು ಕೂತವರು ಯಾವ ಕಾಲದವರು ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ.

ಈಗ ಕಾಗದಕ್ಕೆ ಬರೋಣ. ಅದರಲ್ಲಿ ಎರಡು ಬಗೆಯ ಪ್ರತಿ ಇವೆ. ಚಿಕ್ಕ ಪ್ರತಿಯಲ್ಲಿ ಕಾರಣ ಇರುವುದಿಲ್ಲ. ‘ಮೆಂಬರ್-4’ ಎನ್ನುವ ದೊಡ್ಡ ಪ್ರತಿಯೇ ಬೇಕು. ಅದರಲ್ಲಿ 24ನೇ ಕಾಲಂ ಸೇವೆಯ ದರ್ಜೆ ಹೇಳುತ್ತದೆ. 26 ಮತ್ತು 27ರಲ್ಲಿ ಕೋಡ್‌ಗಳಿವೆ. 28ರಲ್ಲಿ ಕಾರಣ. ನಾಲ್ಕನ್ನೂ ಒಂದು ಹಾಳೆಗೆ ಬರೆದುಕೊಳ್ಳಿ. 28ನ್ನು ಸರಿಮಾಡಿಸಿ ಕೋಡ್ ಹಾಗೇ ಬಿಟ್ಟರೆ ಪ್ರಯೋಜನವಿಲ್ಲ, ಕೋಡ್ ಗೊತ್ತಿದ್ದವರು ಅದನ್ನೇ ಓದಿಕೊಳ್ಳುತ್ತಾರೆ.

ಕಾಗದವೇ ಇಲ್ಲದವರು ಎಸ್‌ಎಫ್-180 ಅರ್ಜಿಯನ್ನು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಹಾಕಬೇಕು. ತುಂಬಾ ವಯಸ್ಸಾದವರಾದರೆ ಒಂದು ತೊಡಕಿದೆ. 1973ರ ಜುಲೈನಲ್ಲಿ ಅಲ್ಲಿ ಬೆಂಕಿ ಬಿದ್ದಿತ್ತು. 1960ಕ್ಕಿಂತ ಮೊದಲು ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು 80 ಶೇಕಡಾ ಸುಟ್ಟುಹೋದವು. ಅಂಥವರ ಮನೆಯಲ್ಲಿರುವ ಹಳೇ ಪತ್ರ, ಪದಕ, ಸಂಬಳದ ಚೀಟಿ ಎಲ್ಲವೂ ಸಾಕ್ಷಿಯಾಗುತ್ತವೆ. ಏನನ್ನೂ ಎಸೆಯಲು ಬಿಡಬೇಡಿ.

ತಿದ್ದುಪಡಿಗೆ ಎರಡು ಅರ್ಜಿಗಳಿವೆ. ಬಿಡುಗಡೆಯಾಗಿ 15 ವರ್ಷ ದಾಟದವರಿಗೆ ಡಿಡಿ-293. ದಾಟಿದವರಿಗೆ ಡಿಡಿ-149. ಈ ನಿಷೇಧಗಳ ಕಾಲದಲ್ಲಿ ಹೊರಬಿದ್ದ ಹೆಚ್ಚಿನವರಿಗೆ ಈಗ 149ನೇ ದಾರಿ. ಅದಕ್ಕೆ ಮೂರು ವರ್ಷದ ಗಡುವು ಅಂತ ಫಾರ್ಮಿನಲ್ಲೇ ಇದೆ. ಅದನ್ನು ಓದಿ ಎದ್ದು ಹೋಗುವವರಿದ್ದಾರೆ. ಅರ್ಜಿಯನ್ನು ತೀರ್ಮಾನಿಸುವ ಸೇನಾ ದಾಖಲೆ ತಿದ್ದುಪಡಿ ಮಂಡಳಿ ನ್ಯಾಯದ ದೃಷ್ಟಿಯಿಂದ ಆ ಗಡುವನ್ನು ಬದಿಗಿಡಬಹುದು. ತಡವಾದ ಕಾರಣ ಬರೆದು ಹಾಗೆಯೇ ಕೇಳಿ.

ವಿವರಣೆ ಬರೆಯುವ ಜಾಗದಲ್ಲಿ ಪ್ರೀತಿಯ ಕಥೆ ಬೇಡ. ಅದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. 2011ರ ರಕ್ಷಣಾ ಇಲಾಖೆಯ ಸೂಚನೆ ಪ್ರಕಾರ ಎರಡು ವಿಷಯ ಸಾಕು. ಬಿಡುಗಡೆಗೆ ಆ ನಿಷೇಧ ಒಂದೇ ಕಾರಣ. ಕಡತದಲ್ಲಿ ಬೇರೆ ದುರ್ನಡತೆ ಇಲ್ಲ. ಆಗ ಸಾಮಾನ್ಯವಾಗಿ ದರ್ಜೆ ‘ಆನರಬಲ್’ (ಗೌರವದ ಬಿಡುಗಡೆ) ಆಗಬೇಕು, ಕಾರಣ ‘ಸೆಕ್ರೆಟೇರಿಯಲ್ ಅಥಾರಿಟಿ’ ಅನ್ನುವ, ಖಾಸಗಿ ವಿಷಯ ಹೇಳದ ಸಾಲು ಆಗಬೇಕು. ಮೇಲಧಿಕಾರಿ ಬರೆದ ವರದಿ, ಜೊತೆಗಿದ್ದವರ ಪತ್ರ ಲಗತ್ತಿಸಿ. ಕಡತದಲ್ಲಿ ಬೇರೆ ಆರೋಪವೂ ಇದ್ದರೆ ನೀವೊಬ್ಬರೇ ಕೈ ಹಾಕಬೇಡಿ. ಮಾಜಿ ಸೈನಿಕರಿಗೆ ಉಚಿತವಾಗಿ ವಾದಿಸುವ ವಕೀಲರಿದ್ದಾರೆ, ಲಾ ಕಾಲೇಜುಗಳ ಕ್ಲಿನಿಕ್‌ಗಳಿವೆ. ದುಡ್ಡು ಕೊಡುವ ಅಗತ್ಯ ಇಲ್ಲ.

ದರ್ಜೆ ಆಗಲೇ ‘ಆನರಬಲ್’ ಇದ್ದು ಕಾರಣ ಮಾತ್ರ ಚುಚ್ಚುತ್ತಿದೆಯಾ? ಇಂಥ ಮಾಜಿ ಸೈನಿಕರೇ ರಕ್ಷಣಾ ಇಲಾಖೆಯ ಮೇಲೆ ಹೂಡಿದ, 2025ರ ಮಾರ್ಚ್‌ನಲ್ಲಿ ಕೋರ್ಟು ಒಪ್ಪಿದ ಫ್ಯಾರೆಲ್ ಮೊಕದ್ದಮೆಯ ರಾಜಿ ಅಂಥವರಿಗೆ ಸುಲಭದ ದಾರಿ ಕೊಟ್ಟಿದೆ. ಅದನ್ನೇ ಮೊದಲು ವಿಚಾರಿಸಿ. ಸಲಿಂಗ ಸಂಬಂಧವನ್ನೂ ಅಪರಾಧ ಎನ್ನುತ್ತಿದ್ದ ಸೇನಾ ಕಾನೂನಿನ 125ನೇ ವಿಧಿಯಡಿ ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾದವರಿಗೆ 2024ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಬೈಡನ್ ಕ್ಷಮಾದಾನ ಕೊಟ್ಟರು. ಆದರೆ ಅದರಿಂದ ಡಿಡಿ-214 ತಾನಾಗಿ ಬದಲಾಗುವುದಿಲ್ಲ. ಕ್ಷಮಾದಾನದ ಪ್ರಮಾಣಪತ್ರ ಪಡೆದು, ಮತ್ತೆ ಮಂಡಳಿಗೆ ಅರ್ಜಿ ಹಾಕಬೇಕು.

ಮಂಡಳಿಯ ಉತ್ತರಕ್ಕೆ ಕಾಯುತ್ತಾ ವೈದ್ಯ ನೆರವನ್ನು ಮುಂದೂಡಬೇಡಿ. ಸಲಿಂಗಿ ಅನ್ನುವ ಕಾರಣಕ್ಕೆ ಕೆಳದರ್ಜೆ ಪಡೆದವರಿಗೂ ಸೌಲಭ್ಯ ಸಿಗಬೇಕು ಅಂತ ಮಾಜಿ ಸೈನಿಕರ ಇಲಾಖೆ (ವಿಎ) 2021ರಲ್ಲಿ ತನ್ನ ಸಿಬ್ಬಂದಿಗೆ ಹೇಳಿದೆ. ಜೊತೆಜೊತೆಗೇ ಅಲ್ಲಿಗೂ ಅರ್ಜಿ ಹೋಗಲಿ. ಹಳೆಯದೆಲ್ಲ ಕೆದಕಿದ ರಾತ್ರಿ ಕೆಲವರಿಗೆ ನಿದ್ದೆ ಬರುವುದಿಲ್ಲ. 988ಕ್ಕೆ ಫೋನ್ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ಸಹಾಯವಾಣಿ ಸಿಗುತ್ತದೆ. ಆ ನಂಬರನ್ನು ಮೊದಲ ದಿನವೇ ಬರೆದುಕೊಡಿ. ತೀರಿಹೋದವರ ಪರವಾಗಿ ಸಂಗಾತಿ, ಹತ್ತಿರದ ಸಂಬಂಧಿಕರು ಅರ್ಜಿ ಹಾಕಬಹುದು. ಅವರನ್ನೂ ಕೋಣೆಗೆ ಕರೆಯಿರಿ.

ಎಲ್ಲರಿಗೂ ತಿದ್ದುಪಡಿ ಬೇಕು ಅಂತ ಮಾತ್ರ ಅಂದುಕೊಳ್ಳಬೇಡಿ. ಮುಂದೆ ಸಲಿಂಗಿ ಹಕ್ಕುಗಳ ನಾಯಕರಾದ ಹಾರ್ವೆ ಮಿಲ್ಕ್ ನೌಕಾಪಡೆಯಲ್ಲಿದ್ದಾಗ ನಮ್ಮ ಊರಿನಲ್ಲೇ ಇದ್ದವರು. 1955ರಲ್ಲಿ ಅವರನ್ನು ಹೊರಗೆ ಹಾಕಿದರು. ದರ್ಜೆ ಸರಿಮಾಡುವ ಮಾತು ಬಂದಾಗ ಅವರ ಅಣ್ಣನ ಮಗ ಸ್ಟೂವರ್ಟ್ ಮಿಲ್ಕ್ ಬೇಡ ಅಂದರು, ಆದ ಅನ್ಯಾಯ ದಾಖಲೆಯಲ್ಲಿ ಉಳಿಯಲಿ ಅಂತ. 2021ರಲ್ಲಿ ಇದೇ ಊರಿನಲ್ಲಿ ಮಿಲ್ಕ್ ಹೆಸರಿನ ಹಡಗು ನೀರಿಗಿಳಿಯಿತು. 2025ರ ಜೂನ್‌ನಲ್ಲಿ ಆ ಹೆಸರನ್ನೇ ತೆಗೆದರು. ನನಗೆ ಅದು ಬಹಳ ನೋವು ತಂದಿತು. ಇಂಥದ್ದನ್ನೆಲ್ಲ ಕಂಡವರು ‘ನನ್ನ ಕಾಗದ ಹಾಗೇ ಇರಲಿ’ ಅಂದರೆ ಒತ್ತಾಯ ಮಾಡಬೇಡಿ.

ಈಗ ಟ್ರಾನ್ಸ್ ಸೈನಿಕರ ಸರದಿ. ಅವರ ಮೇಲಿನ ನಿಷೇಧ ಜಾರಿಯಾಗಲು 2025ರ ಮೇನಲ್ಲಿ ಸುಪ್ರೀಂ ಕೋರ್ಟು ಬಿಟ್ಟಿತು. ಹೊರಬರುತ್ತಿರುವ ಯಾರಾದರೂ ನಿಮಗೆ ಪರಿಚಯವಿದ್ದರೆ, ಕೆಲಸದ ವರದಿ, ವೈದ್ಯರ ದಾಖಲೆ, ಆದೇಶಗಳ ಪ್ರತಿಯನ್ನೆಲ್ಲ ಈಗಲೇ ಸ್ವಂತಕ್ಕೆ ಇಟ್ಟುಕೊಳ್ಳಲು ಹೇಳಿ.

ಅರ್ಜಿ ಗೆದ್ದಾಗ ಇನ್ನೊಂದು ಮಾತು. ಕೆಲವೊಮ್ಮೆ ಡಿಡಿ-215 ಎಂಬ ತಿದ್ದುಪಡಿ ಹಾಳೆ ಕಳಿಸುತ್ತಾರೆ. ಅದನ್ನು ಹಳೇ ಕಾಗದದ ಜೊತೆಗೇ ತೋರಿಸಬೇಕು, ಹಳೇ ಸಾಲು ಕಾಣುತ್ತಲೇ ಇರುತ್ತದೆ. ಅರ್ಜಿಯಲ್ಲೇ ‘ಹೊಸ ಡಿಡಿ-214 ಕೊಡಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಅದು ಬಂದ ಮೇಲೆ ವಿಎಗೆ, ಕೆಲಸದ ಕಡೆಗೆ, ಹಳೇ ಪ್ರತಿ ಕೊಟ್ಟಿದ್ದ ಎಲ್ಲ ಕಡೆಗೂ ಹೊಸದನ್ನು ಕಳಿಸಿ.