‘ಟೆನಿಸ್ ಆಡುವಾಗ’ ಎಂದು ಬರೆಯುವ ಮುನ್ನ

ಅಮೆರಿಕದಲ್ಲಿ ವೈದ್ಯವೃತ್ತಿ ಆರಂಭಿಸಿದ ದಿನಗಳಲ್ಲಿ, ಬಲ ಮೊಣಕೈ ನೋವೆಂದು ಬಂದ ಟೆನಿಸ್ ತರಬೇತುದಾರರೊಬ್ಬರ ಕೇಸ್ ಶೀಟಿನಲ್ಲಿ ನಾನು ‘ಟೆನಿಸ್ ಆಡುವಾಗ ಶುರುವಾದ ನೋವು’ ಎಂದು ಬರೆದಿದ್ದೆ. ಅವರು ಆಡುತ್ತಿರಲಿಲ್ಲ, ಆಡಿಸುತ್ತಿದ್ದರು. ಅದೇ ಅವರ ಜೀವನೋಪಾಯವಾಗಿತ್ತು. ಕೆಲಸದಿಂದಾದ ತೊಂದರೆಗೆ ಕೊಡುವ ಕಾರ್ಮಿಕ ಪರಿಹಾರದ ಅರ್ಜಿಯನ್ನು ಪರಿಶೀಲಿಸಿದವರು ನನ್ನ ಆ ಸಾಲನ್ನೇ ಹಿಡಿದು, ಇದು ಬಿಡುವಿನ ವೇಳೆಯ ಆಟದಿಂದಾದ ತೊಂದರೆಯೆಂದು ಅರ್ಜಿಯನ್ನು ತಿರಸ್ಕರಿಸಿದರು. ಆ ತಪ್ಪು ನನ್ನನ್ನು ಬಹುಕಾಲ ಕಾಡಿತು.

ಅಂದಿನಿಂದ ಮೊದಲ ಭೇಟಿಯಲ್ಲೇ ಕೆಲಸದ ವಿವರವನ್ನು ಬಿಡಿಸಿ ಕೇಳುತ್ತೇನೆ. ದಿನಕ್ಕೆ ಎಷ್ಟು ಗಂಟೆ ಅಂಗಣದಲ್ಲಿರುತ್ತೀರಿ, ಬುಟ್ಟಿಯಿಂದ ಎಷ್ಟು ಚೆಂಡು ಹೊಡೆದು ಕೊಡುತ್ತೀರಿ, ಇತ್ತೀಚೆಗೆ ತರಗತಿಗಳು ಹೆಚ್ಚಾದವೇ, ರ‍್ಯಾಕೆಟ್ಟಿನ ಹಿಡಿಯನ್ನೋ ತಂತಿಯ ಬಿಗಿತವನ್ನೋ ಬದಲಿಸಿದಿರೇ ಎಂಬ ಪ್ರಶ್ನೆಗಳ ಉತ್ತರವನ್ನು ಆದಷ್ಟೂ ಅವರ ಮಾತಿನಲ್ಲೇ ದಾಖಲಿಸುತ್ತೇನೆ. ವಾರಾಂತ್ಯದಲ್ಲಿ ತಮ್ಮ ಸಂತೋಷಕ್ಕಾಗಿಯೂ ಆಡುವುದುಂಟು ಎಂದರೆ ಅದನ್ನೂ ಬರೆಯುತ್ತೇನೆ, ಏಕೆಂದರೆ ಮುಚ್ಚಿಟ್ಟ ಸಂಗತಿ ಮುಂದೆ ಹೊರಬಿದ್ದರೆ ಉಳಿದ ದಾಖಲೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಒಬ್ಬ ತರಬೇತುದಾರರು ಕೊಠಡಿಯಲ್ಲೇ ರ‍್ಯಾಕೆಟ್ ಹಿಡಿದು ಬ್ಯಾಕ್‌ಹ್ಯಾಂಡ್ ತೋರಿಸಿದಾಗ, ಮಣಿಕಟ್ಟು ಹಿಂದಕ್ಕೆ ಸೆಟೆದ ಕ್ಷಣದಲ್ಲೇ ಅವರ ಮುಖ ಕಿವುಚಿತು. ಅದನ್ನು ಕಂಡಂತೆಯೇ ಬರೆದೆ.

ಪರೀಕ್ಷೆಯಲ್ಲೂ ‘ಮೊಣಕೈ ನೋವು’ ಎಂದಷ್ಟೇ ಬರೆದರೆ ಸಾಲದು. ಹೊರಬದಿಯ ಮೂಳೆಯ ಉಬ್ಬಿನ ಮೇಲೆ ಅಥವಾ ಅದರ ತುಸು ಮುಂದೆ, ಮಣಿಕಟ್ಟನ್ನು ಎತ್ತುವ ಸ್ನಾಯುಗಳ ರಜ್ಜು ಅಂಟಿಕೊಳ್ಳುವ ಜಾಗದಲ್ಲಿ ಒತ್ತಿದಾಗ ನೋವಿದೆಯೇ, ಎದುರೊತ್ತಡಕ್ಕೆ ಮಣಿಕಟ್ಟನ್ನು ಎತ್ತಿದಾಗ ಅದೇ ನೋವು ಮರುಕಳಿಸುತ್ತದೆಯೇ ಎಂದು ನೋಡಿ, ಎರಡೂ ಕೈಗಳ ಹಿಡಿತದ ಬಲವನ್ನು ಅಳೆದು ಅಂಕಿಗಳನ್ನು ಬರೆಯುತ್ತೇನೆ. ಕತ್ತಿನ ನರದಿಂದ ಬಂದ ನೋವಲ್ಲವೆಂದು ಪರೀಕ್ಷಿಸಿದ್ದನ್ನೂ ಸೇರಿಸುತ್ತೇನೆ.

ಕೋಡ್ ಹಾಕುವುದು ಆಮೇಲಿನ ಮಾತು. ಕಾಯಿಲೆಗಳನ್ನೂ ಅವುಗಳ ಸಂದರ್ಭವನ್ನೂ ಸಂಕೇತಗಳಲ್ಲಿ ದಾಖಲಿಸಲು ಇಲ್ಲಿ ಬಳಸುವ ಐಸಿಡಿ-10-ಸಿಎಂ ಪಟ್ಟಿಯಲ್ಲಿ ಬಲಗೈಯ ಟೆನಿಸ್ ಎಲ್ಬೋಗೆ (ಮೊಣಕೈಯ ಹೊರಬದಿಯ ಈ ರಜ್ಜುನೋವಿಗೆ) ಎಂ77.11, ಎಡಗೈಗೆ ಎಂ77.12. ಇವು ಕಾಯಿಲೆಯನ್ನಷ್ಟೇ ಹೇಳುತ್ತವೆ. ಸ್ಥಳ ಟೆನಿಸ್ ಅಂಗಣ ಎನ್ನಲು ವೈ92.312, ಚಟುವಟಿಕೆ ರ‍್ಯಾಕೆಟ್ ಆಟ ಎನ್ನಲು ವೈ93.73, ಸಂಪಾದನೆಗಾಗಿ ಮಾಡಿದ ಕೆಲಸ ಎನ್ನಲು ವೈ99.0 ಇವೆ. ಈ ಕೊನೆಯದನ್ನು ಬಿಟ್ಟರೆ, ತರಬೇತುದಾರರ ದಾಖಲೆಗೂ ಹವ್ಯಾಸಿ ಆಟಗಾರರ ದಾಖಲೆಗೂ ಕೋಡುಗಳಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಈ ಮೂರನ್ನೂ ಚಿಕಿತ್ಸೆಯ ಮೊದಲ ಭೇಟಿಯಲ್ಲಿ ಒಮ್ಮೆ ಮಾತ್ರ ನಮೂದಿಸಬೇಕೆಂಬ ನಿಯಮವಿರುವುದರಿಂದ, ಆ ದಿನದ ಬರವಣಿಗೆಗೆ ಇನ್ನಷ್ಟು ತೂಕವಿದೆ. ತಪ್ಪಾದರೆ ಹಳೆಯ ಸಾಲನ್ನು ಅಳಿಸದೆ, ದಿನಾಂಕ ಮತ್ತು ಕಾರಣದೊಡನೆ ತಿದ್ದುಪಡಿ ಟಿಪ್ಪಣಿಯನ್ನು ಸೇರಿಸುತ್ತೇನೆ.

ಕೆಲಸದ ಮಿತಿಯನ್ನು ಸೂಚಿಸುವಾಗಲೂ ‘ಲಘು ಕೆಲಸ’ ಎಂಬ ಮಾತನ್ನು ಈಗ ಬಳಸುವುದಿಲ್ಲ, ಏಕೆಂದರೆ ಅಂಗಣದಲ್ಲಿ ಅದಕ್ಕೆ ಅರ್ಥವಿಲ್ಲ. ಆರು ವಾರ ಬಲಗೈಯಿಂದ ಬ್ಯಾಕ್‌ಹ್ಯಾಂಡ್ ಹೊಡೆದು ತೋರಿಸಬಾರದು, ಚೆಂಡಿನ ಬುಟ್ಟಿಯನ್ನು ಬಲಗೈಯಲ್ಲಿ ಎತ್ತಬಾರದು, ಎಡಗೈಯಿಂದ ಚೆಂಡು ಎಸೆದು ಕಲಿಸಬಹುದು ಎಂದು ಬರೆದು ಸಹಿ ಹಾಕುತ್ತೇನೆ.