ಹಣ್ಣು ಕೆಡಿಸುವ ನೊಣ ಯಾವುದು? ಫೋಟೊದಲ್ಲಿ ಗುರುತಿಸುವುದು ಹೀಗೆ

ಮಾವಿನ ಹಣ್ಣು ಹೆಚ್ಚಿದರೆ ಒಳಗೆ ಬಿಳಿ ಹುಳು. ‘ಊಜಿ (ಹಣ್ಣು ನೊಣ) ಹೊಡೆದಿದೆ’ ಅಂತ ಅಂಗಡಿಯಲ್ಲಿ ಸಿಕ್ಕ ಬಲೆ ತಂದು ಕಟ್ಟುವವರೇ ಜಾಸ್ತಿ. ಆದರೆ ಹಣ್ಣು ನೊಣಗಳಲ್ಲಿ ಹಲವು ಜಾತಿ. ಮಾವು, ಸೀಬೆಗೆ ಬರುವ ಮುಖ್ಯ ಜಾತಿಗಳ ಗಂಡು ನೊಣಗಳನ್ನು ಬಲೆಯಲ್ಲಿಡುವ ಮೀಥೈಲ್ ಯುಜಿನಾಲ್ ಎಂಬ ವಾಸನೆಯ ವಸ್ತು ಸೆಳೆಯುತ್ತದೆ. ಸೌತೆ, ಹಾಗಲ, ಹೀರೆಗೆ ಬರುವ ನೊಣಕ್ಕೆ ಕ್ಯೂ ಲೂರ್ ಎಂಬ ಬೇರೆಯೇ ವಸ್ತು ಬೇಕು. ನೊಣ ಯಾವುದೆಂದು ತಿಳಿಯದೆ ಬಲೆ ಕಟ್ಟಿದರೆ ದುಡ್ಡು ದಂಡ.

ಮೊದಲು ನೊಣ ಬೇಕಲ್ವಾ? ಹುಳು ಬಿದ್ದ ಹಣ್ಣನ್ನು ಮರಳು ಹರಡಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಹುಳುಗಳು ಮರಳಿಗಿಳಿದು ಕೋಶವಾಗುತ್ತವೆ. ಬೇಸಿಗೆಯಲ್ಲಿ ಸುಮಾರು ವಾರ, ಹತ್ತು ದಿನಕ್ಕೆ ನೊಣ ಹೊರಬರುತ್ತದೆ. ಆಗಲೇ ಫೋಟೊ ತೆಗೆಯಬೇಡಿ. ಹೊಸ ನೊಣದ ಬಣ್ಣ ಪೇಲವ, ಗುರುತುಗಳು ಕಾಣುವುದಿಲ್ಲ. ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಇಟ್ಟು ಎರಡು ಮೂರು ದಿನ ಬಿಡಿ.

ಆಮೇಲೆ ಡಬ್ಬಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ತಣ್ಣಗಾದ ನೊಣ ಅಲುಗಾಡುವುದಿಲ್ಲ. ಬಿಳಿ ಹಾಳೆಯ ಮೇಲೆ, ನೆರಳಿನ ಬೆಳಕಿನಲ್ಲಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಫ್ಲ್ಯಾಷ್ ಬೇಡ, ಹಳದಿ ಪಟ್ಟಿಗಳು ಬೆಳ್ಳಗಾಗಿಬಿಡುತ್ತವೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು, ಹರಡಿದ ರೆಕ್ಕೆಯದ್ದೊಂದು. ಒಂದೇ ಫೋಟೊ ನೋಡಿ ಹೆಸರು ಹೇಳುವುದನ್ನು ನಾನಂತೂ ಒಪ್ಪುವುದಿಲ್ಲ.

ಹಣ್ಣು ನೊಣಗಳು ನೋಡಲು ಸಣ್ಣ ಕಣಜದ ಹಾಗೆ. ರೆಕ್ಕೆ ಎಣಿಸಿ. ಕಣಜಕ್ಕೆ ಎರಡು ಜೊತೆ, ನೊಣಕ್ಕೆ ಒಂದೇ ಜೊತೆ. ಅಡುಗೆಮನೆಯ ಬಾಳೆಹಣ್ಣಿಗೆ ಮುತ್ತುವ ಕೆಂಪು ಕಣ್ಣಿನ ಪುಟಾಣಿ ನೊಣ ಬೇರೆಯದೇ ಕುಟುಂಬ. ತೋಟದ್ದು ಹೆಚ್ಚುಕಡಿಮೆ ಮನೆ ನೊಣದಷ್ಟಿರುತ್ತದೆ.

ಈಗ ಬೆನ್ನು ನೋಡಿ. ಎರಡು ಬದಿಗಳ ಜೊತೆಗೆ ನಟ್ಟನಡುವೆಯೂ ಹಳದಿ ಗೆರೆ ಇದ್ದರೆ ಅದು ಹೆಚ್ಚಾಗಿ ಸೌತೆ, ಹಾಗಲದ ನೊಣ, ಝ್ಯೂಗೊಡಾಕಸ್ ಕುಕುರ್ಬಿಟೆ. ಅದರ ರೆಕ್ಕೆಯ ತುದಿಯಲ್ಲಿ ದೊಡ್ಡ ಕಂದು ಮಚ್ಚೆಯೂ, ಅಡ್ಡ ನರದ ಮೇಲೆ ಕಪ್ಪು ಛಾಯೆಯೂ ಇರುತ್ತದೆ.

ನಡುವಿನ ಗೆರೆ ಇಲ್ಲವೇ? ರೆಕ್ಕೆಗೆ ಬನ್ನಿ. ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆಯೇ. ಮುಂಭಾಗದ ಅಂಚಿನುದ್ದಕ್ಕೂ ತೆಳು ಕಂದು ಗೆರೆ ಓಡಿದ್ದು, ಉಳಿದ ರೆಕ್ಕೆ ಬಹುಪಾಲು ತಿಳಿಯಾಗಿದ್ದರೆ, ಹೊಟ್ಟೆಯ ಮೇಲೆ ಕಪ್ಪು ‘ಟಿ’ ಆಕಾರವಿದ್ದರೆ, ಮಾವು, ಸೀಬೆಗೆ ಬರುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಇರಬಹುದು. ಗೆರೆ ಪೂರ್ತಿ ಓಡದೆ ತುದಿಯಲ್ಲಿ ಸಣ್ಣ ಚುಕ್ಕೆ ಮಾತ್ರ ಇದ್ದರೆ ಅದೇ ಬ್ಯಾಕ್ಟ್ರೊಸೆರಾ ಬಳಗದ ಝೊನೇಟಾ ಅಥವಾ ಕರೆಕ್ಟಾ, ಇವೂ ಮಾವು, ಸೀಬೆಯ ನೊಣಗಳೇ. ಇವೆರಡನ್ನು ಬಿಡಿಸುವುದು ಮುಖ. ಎರಡು ಬಿಡಿ ಕಪ್ಪು ಚುಕ್ಕೆ ಝೊನೇಟಾದ್ದು. ಕರೆಕ್ಟಾದ ಮುಖದಲ್ಲಿ ಅಡ್ಡ ಪಟ್ಟಿ. ಮೈಬಣ್ಣವೂ ನೆರವಾಗುತ್ತದೆ. ಝೊನೇಟಾ ಕೆಂಗಂದು, ಕರೆಕ್ಟಾ ಹೆಚ್ಚಾಗಿ ಕಪ್ಪು.

ಡಾರ್ಸಾಲಿಸ್‌ಗೆ ಹತ್ತಿರದ ಹೋಲಿಕೆಯ ನೊಣಗಳು ಬಹಳ ಇವೆ. ಆಫ್ರಿಕಾದಲ್ಲಿ ಕಂಡದ್ದನ್ನು ವಿಜ್ಞಾನಿಗಳು 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಜಾತಿ ಎಂದರು. 2015ರಲ್ಲಿ ಅದೂ ಡಾರ್ಸಾಲಿಸ್ಸೇ ಎಂದು ಸೇರಿಸಿದರು. ಆದ್ದರಿಂದ ಫೋಟೊ ಸ್ಪಷ್ಟವಿಲ್ಲದಿದ್ದರೆ ‘ಡಾರ್ಸಾಲಿಸ್ ಗುಂಪು’ ಎಂದು ಬರೆದು ನಿಲ್ಲಿಸಿ. ಬಲೆ ಆರಿಸಲು ಅಷ್ಟು ಸಾಕು.

ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಕಳಿಸುವಾಗ ಹಣ್ಣು, ಊರು, ತಾರೀಖು ಬರೆಯಿರಿ. ನೊಣವನ್ನು ಎಸೆಯಬೇಡಿ. ಸ್ಪಿರಿಟ್ ತುಂಬಿದ ಸೀಸೆಯಲ್ಲಿಡಿ, ಅವರು ಕೇಳಬಹುದು.