ಒಂದು ಎಂ.ಎಲ್. ಅಂದ್ರೆ ಎಷ್ಟು ಹನಿ? ಎಣಿಸಿ ನೋಡಿ

ಮಗುವಿನ ಹನಿ ಔಷಧಿಯ ಡ್ರಾಪರ್ ಕಳೆದುಹೋಗಿತ್ತು. ಬೇರೆ ಬಾಟಲಿಯದ್ದನ್ನೇ ತೊಳೆದು ಬಳಸಿದರಾಯ್ತು ಅಂದುಕೊಂಡೆ. ವಿಜಯಪುರದ ನಮ್ಮ ಓಣಿಯ ಔಷಧಿ ಅಂಗಡಿಯವರು ತಡೆದರು: "ಹಂಗ ಮಾಡಬ್ಯಾಡ್ರಿ, ಎಲ್ಲಾ ಹನಿ ಒಂದಽ ಇರಂಗಿಲ್ರಿ." ಅದೇನು ಅಂತ ಮನೆಯಲ್ಲಿ ಎಣಿಸಿಯೇ ನೋಡಿದೆ. ನೀವೂ ಮಾಡಬಹುದು.

ಸೂಜಿ ಇಲ್ಲದ, ಒಂದೇ ಥರದ ಮೂರು ಸಿರಿಂಜ್ ತನ್ನಿ. ಜೊತೆಗೆ ನೀರು, ಕುಸುಬಿ ಎಣ್ಣೆ, ಔಷಧಿ ಅಂಗಡಿಯ ಸ್ಪಿರಿಟ್ ಇರಲಿ. ಸ್ಪಿರಿಟ್ ಒಲೆಯ ಹತ್ತಿರ ಬೇಡ, ಮಕ್ಕಳ ಕೈಗೂ ಬೇಡ.

ಮೊದಲು ನೀರು. ಸಿರಿಂಜಿನಲ್ಲಿ 1 ಎಂ.ಎಲ್. ತುಂಬಿ, ನೆಟ್ಟಗೆ ಕೆಳಮುಖ ಮಾಡಿ, ತೀರಾ ನಿಧಾನಕ್ಕೆ ಒತ್ತಿ. ಅವಸರ ಮಾಡಿದರೆ ಧಾರೆಯಾಗಿ ಲೆಕ್ಕ ಕೆಡುತ್ತದೆ. ತುದಿಯನ್ನೇ ನೋಡುತ್ತಿರಿ. ಹನಿಗೆ ಮೊದಲು ಹೊಟ್ಟೆ ಬರುತ್ತದೆ. ಆಮೇಲೆ ಜೋತು ಬೀಳುತ್ತದೆ, ಆದರೂ ಬಿಡುವುದಿಲ್ಲ. ಕೊರಳು ಸಣ್ಣದಾಗುತ್ತಾ ಬಂದು, ಭಾರ ತಡೆಯದೆ ಪಟ್ಟನೆ ಕಳಚುತ್ತದೆ. ನನಗೆ 19 ಹನಿ ಬಂದವು.

ಅದೇ ರೀತಿ ಎಣ್ಣೆ: 37. ಸ್ಪಿರಿಟ್: 45. ನಿಮ್ಮ ಸಿರಿಂಜಿನ ತುದಿ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ, ಆದರೆ ನೀರಿನದ್ದೇ ಕಡಿಮೆ. ಅಂದ್ರೆ ನೀರಿನ ಹನಿಯೇ ದೊಡ್ಡದು. ಎಣ್ಣೆಯ ಹತ್ತು ಹನಿ ನೀರಿನ ಐದು ಹನಿಗೆ ಸಮ! ಔಷಧಿ ಅಂಗಡಿಯವರು ಸುಮ್ನೆ ಹೇಳಿರಲಿಲ್ಲ.

ಯಾಕೆ ಹೀಗೆ? ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ. ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕದತ್ತ ವಾಲುತ್ತದೆ. ಇದೇ ಹೈಡ್ರೋಜನ್ ಬಂಧ. ಅಣುವಿನ ಒಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಆದರೂ ಕೋಟಿಗಟ್ಟಲೆ ಸೇರಿದಾಗ ಹನಿಯನ್ನು ಹಿಡಿದಿಡುತ್ತವೆ. ಸ್ಪಿರಿಟ್‌ನ ಅಣುಗಳಲ್ಲೂ ಈ ಬಂಧ ಇದೆ, ಆದರೆ ಕಡಿಮೆ. ಎಣ್ಣೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿರುವುದು ವಾನ್ ಡರ್ ವಾಲ್ಸ್ ಸೆಳೆತ. 1873ರಲ್ಲಿ ಅಣುಗಳ ಸೆಳೆತವನ್ನು ಲೆಕ್ಕಕ್ಕೆ ತಂದ ಡಚ್ ವಿಜ್ಞಾನಿಯ ಹೆಸರು ಅದು.

ಇಲ್ಲಿ ನನಗೂ ಗೊಂದಲವಾಗಿತ್ತು. ಎಣ್ಣೆ ನೀರಿಗಿಂತ ದಪ್ಪ ಅಲ್ವಾ? ಹಾಗಿದ್ದರೆ ಅದರ ಹನಿ ಚಿಕ್ಕದೇಕೆ? ಹನಿಯ ಅಳತೆ ನಿಂತಿರುವುದು ಮೇಲ್ಮೈ ಎಳೆತದ ಮೇಲೆ, ಅಂದ್ರೆ ಅಣುಗಳ ಸೆಳೆತದಿಂದ ಹನಿಯ ಹೊರಮೈ ಬಿಗಿಯಾಗಿ ಹಿಡಿದುಕೊಳ್ಳುವ ಬಲದ ಮೇಲೆ; ದಪ್ಪದ ಮೇಲಲ್ಲ. ಎಣ್ಣೆಯ ಅಣುಗಳು ಉದ್ದ. ಒಂದಕ್ಕೊಂದು ತೊಡರಿಕೊಂಡು ಜಾರಲು ತಡ ಮಾಡುತ್ತವೆ, ಅಷ್ಟೇ. ಚಳಿಗಾಲದ ಬೆಳಗ್ಗೆ ಎಣ್ಣೆ ನಿಧಾನಕ್ಕೆ ಬೀಳುವುದು, ಬಾಣಲೆಯಲ್ಲಿ ಕಾದ ಮೇಲೆ ನೀರಿನಂತೆ ಹರಿಯುವುದು ಇದರಿಂದಲೇ.

ಬಿಸಿ ನೀರಲ್ಲೂ ಒಮ್ಮೆ ಎಣಿಸಿ. ಒಂದೆರಡು ಹನಿ ಜಾಸ್ತಿ ಬರಬಹುದು, ಶಾಖಕ್ಕೆ ಹಿಡಿತ ಸಡಿಲವಾಗುತ್ತದೆ.

ಕೊನೆಗೆ ಒಂದು ಮುಂಗೈಗೆ ನೀರು, ಇನ್ನೊಂದಕ್ಕೆ ಸ್ಪಿರಿಟ್ ಸವರಿಕೊಳ್ಳಿ. ಸ್ಪಿರಿಟ್ ಬೇಗ ಆರುತ್ತದೆ, ತಣ್ಣಗೂ ಅನಿಸುತ್ತದೆ. ಆದರೆ ಒಂದು ಗ್ರಾಂ ಆವಿಯಾಗಲು ನೀರು ಸುಮಾರು 2,400 ಜೂಲ್ ಶಾಖ ಎಳೆದುಕೊಳ್ಳುತ್ತದೆ, ಸ್ಪಿರಿಟ್‌ನ ಎಥನಾಲ್ ಸುಮಾರು 900. ಬಂಧ ಬಿಡಿಸಿಕೊಂಡು ಹೋಗಬೇಕಲ್ಲ! ಮೇ ತಿಂಗಳ ಒಣ ಬಿಸಿಲಲ್ಲಿ ನಮ್ಮ ಮಣ್ಣಿನ ಹರವಿ ಇದೇ ಲೆಕ್ಕದಲ್ಲಿ ನೀರು ತಣ್ಣಗಿಡುತ್ತದೆ. ಅದೇ ಹರವಿಯನ್ನು ಕಾರವಾರಕ್ಕೆ ಒಯ್ದರೆ ಅಷ್ಟು ತಣ್ಣಗಾಗದು, ಅಲ್ಲಿನ ಗಾಳಿಯಲ್ಲಿ ಮೊದಲೇ ಪಸೆ ಜಾಸ್ತಿ.